ಹಸೆಯಿಂದ ಎಬ್ಬಿಸುವ ಹಾಡು

ಕರೆಂಟು ಹೋದರೆ ಸಂತೋಷಪಡುವ ಹೆಂಗಸು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಇದು ದೊಡ್ಡಬಳ್ಳಾಪುರ. ನಮ್ಮ ಮನೆಯ ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಹಿಂದಿನ ಗೋಡೆಗೆ ಕಿವಿಯಿಟ್ಟರೆ ಅಲ್ಲೂ ಮಗ್ಗ. ಕರೆಂಟು ಹೋದ ಕೂಡಲೆ ಬೀದಿಯ ಸೀರೆಗಳೆಲ್ಲ ಅರ್ಧಕ್ಕೆ ನಿಲ್ಲುತ್ತವೆ, ಜನ ಬಾಗಿಲಿಗೆ ಬಂದು ಕರೆಂಟಿನವರ ವಂಶವನ್ನೆಲ್ಲ ನೆನೆಯುತ್ತಾರೆ. ನಾನು ಮಾತ್ರ ಓಡಿಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡು, ಅಪ್ಪನ ಕರಿ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಮೈಕಿನ ಮುಂದೆ ಕೂರುತ್ತೇನೆ. ಕಂಬಳಿ ಹೊದ್ದರೆ ದನಿ ಗೋಡೆಗೆ ಬಡಿದು ಮಾರ್ದನಿಸುವುದಿಲ್ಲ. ಬೆವರು ಮಾತ್ರ ಧಾರಾಕಾರ. ಒಮ್ಮೆ ನನ್ನ ತಮ್ಮನ ಹೆಂಡತಿ ಬಾಗಿಲು ತೆರೆದು ಈ ಅವತಾರ ನೋಡಿ, ಬೇಸರದಿಂದಲ್ಲ, ನಿಜವಾದ ಕನಿಕರದಿಂದ ಕೇಳಿದಳು, "ಈ ಬಿಸ್ಲಲ್ಲಿ ಕಂಬ್ಳಿ ಹೊದ್ಕೊಂಡು ಯಾರ್ಗಕ್ಕ ಹೇಳ್ತಿದ್ದೀರ?"

ಬಾಗಿಲು ಹಾಕಿಕೊಂಡು ಹೋಗಮ್ಮ, ಸದ್ದು ಒಳಗೆ ಬರುತ್ತೆ ಎಂದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ನಿವೃತ್ತರಾದವರು ತೀರ್ಥಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಸಕ್ಕರೆ ಕಾಯಿಲೆಗೆ ಹೆದರಿ ಬೆಳಿಗ್ಗೆ ಎದ್ದು ನಡೆಯುತ್ತಾರೆ. ನನಗೆ ಯಾವ ದೇವರು ಬುದ್ಧಿ ಕೊಟ್ಟನೋ, ನಮ್ಮ ಸೀಮೆಯ ಜನರ ದನಿ ಹಿಡಿದು, ಅದಕ್ಕೊಂದು ಕಥೆ ಕಟ್ಟಿ, ಮೊಬೈಲಿನಲ್ಲಿ ಕೇಳಿಸುತ್ತೇನೆಂದು ಹೊರಟೆ. 'ಸೀಮೆಯ ಸೊಲ್ಲು' ಎಂದು ಹೆಸರಿಟ್ಟೆ. ಕೇಳುವವರು ಎಷ್ಟು ಜನ ಎಂದು ಮಾತ್ರ ಕೇಳಬೇಡಿ. ನನ್ನ ಹಳೆಯ ವಿದ್ಯಾರ್ಥಿಗಳು ಒಂದಷ್ಟು ಮಂದಿ ಕೇಳುತ್ತಾರೆ, ಅಥವಾ ಕೇಳಿದೆವು ಅನ್ನುತ್ತಾರೆ. ಅರ್ಧ ಗಂಟೆಯ ಸಂಚಿಕೆ ಕಳಿಸಿ ಒಂದು ನಿಮಿಷವಾಗಿರುವುದಿಲ್ಲ, 'ಅದ್ಭುತ ಮೇಡಂ' ಎಂಬ ಒಕ್ಕಣೆಯ ಜೊತೆ ಕೈಮುಗಿದ ಚಿತ್ರ ಬಂದುಬಿಡುತ್ತದೆ. ಶಾಲೆಯಲ್ಲೂ ಅವರು ಹೀಗೇ, ಪಾಠ ಮುಗಿಯುವ ಮೊದಲೇ ಅರ್ಥವಾಯಿತೆಂದು ತಲೆಯಾಡಿಸುತ್ತಿದ್ದವರು.

ಆದರೂ ತಿರುಗಿದ್ದಕ್ಕೆ ಮೋಸವಿಲ್ಲ. ದೇವನಹಳ್ಳಿಯ ಕಡೆ ಚಕ್ಕೋತದ ತೋಟ ಇಟ್ಟುಕೊಂಡಿದ್ದ ಹಿರಿಯರೊಬ್ಬರ ಬಳಿ ಹೋಗಿದ್ದೆ. ತೋಟದ ನೆತ್ತಿಯ ಮೇಲೇ ವಿಮಾನದ ದಾರಿ. ಅವರು ಮಾತಾಡುತ್ತ ಮಾತಾಡುತ್ತ ಥಟ್ಟನೆ ಕೈಯೆತ್ತಿ ನಿಲ್ಲಿಸಿಬಿಡುತ್ತಿದ್ದರು. ನನಗಿನ್ನೂ ಏನೂ ಕೇಳಿಸಿರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ವಿಮಾನ ಗುಡುಗುತ್ತ ಬಂದು ಹೋಗುತ್ತಿತ್ತು. ಅವರು ಕೈ ಇಳಿಸಿ, ಎಲ್ಲಿ ಬಿಟ್ಟಿದ್ದರೋ ಅದೇ ಪದದಿಂದ ಮುಂದುವರಿಸುತ್ತಿದ್ದರು. ಹೆಂಡತಿಯ ಜೊತೆ ಜಗಳವನ್ನೂ ಹೀಗೇ ಕೈಯೆತ್ತಿ ಇಳಿಸಿ ಆಡುತ್ತಾರಂತೆ. ರಾಜಘಟ್ಟದಲ್ಲಿ ಹಿಂದೆ ಬೌದ್ಧರ ಕಾಲದ ನೆಲೆಯನ್ನು ಅಗೆದಾಗ ಕೂಲಿಗೆ ಹೋಗಿದ್ದವರೊಬ್ಬರನ್ನು ಹುಡುಕಿಕೊಂಡು ಹೋದರೆ, ಅವರ ಬಾಯಿಂದ ಬಂದದ್ದು 'ಹೂಂ' ಒಂದೇ. ಮಿಕ್ಕಿದ್ದನ್ನೆಲ್ಲ ಅವರ ಹೆಂಡತಿ ಹೇಳಿದರು, ಕೈಬೆರಳಲ್ಲಿ ಮಣ್ಣಿನ ಪುಟ್ಟ ಸ್ತೂಪದ ಅಳತೆ ತೋರಿಸಿ ತೋರಿಸಿ. ಆಕೆ ಆ ದಿಬ್ಬದ ಕಡೆ ಒಮ್ಮೆಯೂ ಹೋದವರಲ್ಲ. ತ್ಯಾಮಗೊಂಡ್ಲುವಿನ ತೆಂಗಿನ ತೋಟದಲ್ಲಿ ಹಳೆಯ ಭಜನೆ ಮೇಳದವರನ್ನು ಕೂರಿಸಿಕೊಂಡಾಗ ಇಡೀ ಊರಿನ ಕಾಗೆಗಳು ಸೇರಿಕೊಂಡವು. ಮನೆಗೆ ಬಂದು ಕೇಳಿದರೆ ಕಾಗೆಗಳೇ ಶ್ರುತಿಯಲ್ಲಿದ್ದವು.

ನಗು ಒಂದು ಕಡೆ ಇರಲಿ. ದಣಿವು ನಿಜ. ಬಸ್ಸು ಹತ್ತಿ ಇಳಿದು ಮಂಡಿ ಹೋಯಿತು. ಬೇರೆಯವರ ಕೆಮ್ಮು, ಸೀನು, ಕುಕ್ಕರಿನ ಕೂಗು ಇವನ್ನು ಕತ್ತರಿಸಿ ಕತ್ತರಿಸಿ ಕಿವಿ ಬಳಲಿತು. ಮೊದಮೊದಲು ಒಂದು ಸಂಚಿಕೆ ಮುಗಿದರೆ ಹಬ್ಬದೂಟ ಮಾಡಿದಂತಾಗುತ್ತಿತ್ತು. ಬರಬರುತ್ತ ಹಬ್ಬದ ಮಾರನೆಯ ದಿನ ಪಾತ್ರೆ ತೊಳೆದಂತಾಯಿತು. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮಗ್ಗದ ಸದ್ದು ಜಾಸ್ತಿ ಎಂದು ಗೊಣಗಿಕೊಂಡು, ಇನ್ನೊಂದೇ ಸಂಚಿಕೆ, ಆಮೇಲೆ ಸಾಕು ಎಂದು ತೀರ್ಮಾನಿಸಿದೆ. ಆ ಕೊನೆಯದು ಗಂಗತ್ತೆಯದು.

ಗಂಗತ್ತೆ ನನ್ನ ಸ್ವಂತ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ನಮ್ಮ ಸಾಲಿನಲ್ಲೇ ಕೊನೆಯ ಮನೆ. ಮದುವೆಗಳಲ್ಲಿ ಹಸೆ ಹಾಡುವವಳು. ಹೆಣ್ಣನ್ನು ಹಸೆಮಣೆಗೆ ಕರೆಯಲು ಒಂದು ಹಾಡು, ಕೂರಿಸಿ ಬಣ್ಣಿಸಲು ಒಂದು, ಆರತಿಗೆ ಒಂದು, ಕೊನೆಗೆ ಹಸೆಯಿಂದ ಎಬ್ಬಿಸಲು ಒಂದು. ಮದುವೆಗೆ ಮೊದಲು ಹೆಣ್ಣಿನ ಕಡೆಯವರು ಎಲೆ ಅಡಿಕೆ ಕೊಟ್ಟು ಹಾಡುವವಳನ್ನು ಕರೆಯಬೇಕು. ಒಮ್ಮೆ ಕೈಗೆ ಎಲೆ ಅಡಿಕೆ ಬಿತ್ತೋ, ಆಮೇಲೆ ಜ್ವರವಿರಲಿ ಜಗಳವಿರಲಿ, ಹೋಗಿ ಹಾಡಲೇಬೇಕು.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೆ ನಾನು ಗಂಗತ್ತೆಯ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದೆ. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ ಅದು. ನನ್ನ ಕೈಗೆ ಬಂದ ನೂಲು ಸಿಕ್ಕಾಗದೆ ಇದ್ದ ದಿನವೇ ಇಲ್ಲ. ಗಂಗತ್ತೆ ಬೈಯದೆ ಸಿಕ್ಕು ಬಿಡಿಸುತ್ತ, ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ಹಾಡುತ್ತಿದ್ದಳು. "ಮಗ್ಗ ಓಡೋವಾಗ್ಲೇ ಕಲೀಬೇಕು ಕಣೆ, ತಪ್ಪಾದ್ರೂ ಯಾರ್ಗೂ ಕೇಳ್ಸಲ್ಲ" ಅನ್ನುತ್ತಿದ್ದಳು. ನಾನು ಕಲಿಯಲಿಲ್ಲ, ಕೇಳಿದೆ ಅಷ್ಟೆ. ಶಾಲೆಯ ವಾರ್ಷಿಕೋತ್ಸವದ ಪ್ರಾರ್ಥನೆಗೆ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ನೀನು ಬಾಯಿ ಆಡಿಸಿದರೆ ಸಾಕು ಎಂದು ಮೇಷ್ಟ್ರು ಹೇಳಿದ್ದರು. ಆ ಮಾತನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಮುಂದೆ ನಾನೇ ಮೇಡಂ ಆದಮೇಲೂ ನಾಡಗೀತೆಗೆ ಬಾಯಿ ಆಡಿಸಿಯೇ ಸಂಬಳ ತೆಗೆದುಕೊಂಡೆ.

ಗಂಗತ್ತೆಯ ಗಂಡ ತೀರಿಕೊಂಡ ಮೇಲೆ ಬಹಳ ಕಾಲ ಯಾರೂ ಅವಳಿಗೆ ಎಲೆ ಅಡಿಕೆ ತರಲಿಲ್ಲ. ಮುತ್ತೈದೆಯಲ್ಲ ಎಂಬ ಕಾರಣವನ್ನು ಬಾಯಿಬಿಟ್ಟು ಹೇಳಬೇಕೇ. ಆಗ ಒಂದು ಮನೆಯವರು ಹಸೆ ಹಾಡಿಗೆ ಕ್ಯಾಸೆಟ್ಟು ತಂದರು. ಕರೆದದ್ದಾಯಿತು, ಬಣ್ಣಿಸಿದ್ದಾಯಿತು, ಆರತಿಯ ಹೊತ್ತಿಗೆ ಟೇಪು ಸುತ್ತಿಕೊಂಡಿತು. ಎಬ್ಬಿಸುವ ಹಾಡಿಲ್ಲದೆ ಹೆಣ್ಣು ಏಳುವ ಹಾಗಿಲ್ಲ, ಹಾಗೆ ಎದ್ದರೆ ಹಸೆ ಮುನಿಯುತ್ತದೆ ಎಂದು ನಂಬಿಕೆ. ಮದುಮಗಳು ಮಣೆಯ ಮೇಲೇ ಕೂತಳು, ಒಳಗೆ ಊಟದ ಎಲೆ ಹಾಕಿದ್ದಾರೆ, ಗಂಡಿನ ಕಡೆಯವರು ಗಡಿಯಾರ ನೋಡುತ್ತಿದ್ದಾರೆ. ಕೊನೆಗೆ ಯಾರೋ ಓಡಿಬಂದು ಗಂಗತ್ತೆಯನ್ನು ಕರೆದರು. ಬರಲಾರೆ ಅನ್ನಬಹುದಿತ್ತು. ಅನ್ನಲಿಲ್ಲ. ಹೋಗಿ ಎಬ್ಬಿಸಿ ಬಂದಳು. "ಹಾಡೋದು ಗಂಟ್ಲು ಕಣೆ, ತಾಳಿ ಅಲ್ಲ" ಎಂದು ಆಮೇಲೆ ನನಗೆ ಹೇಳಿದಳು. ಅಂದಿನಿಂದ ಮತ್ತೆ ಎಲೆ ಅಡಿಕೆ ಬರತೊಡಗಿತು.

ನನ್ನ ಮದುವೆಗೂ ತಾನೇ ಹಾಡುವುದು, ಬೇರೆ ಯಾವಳಿಗೂ ಎಲೆ ಅಡಿಕೆ ಕೊಡಕೂಡದು ಎಂದು ನಾನು ಲಂಗ ಹಾಕುತ್ತಿದ್ದ ಕಾಲದಲ್ಲೇ ಗಂಗತ್ತೆ ಕಟ್ಟಪ್ಪಣೆ ಮಾಡಿದ್ದಳು. ನಾನು ಯಾರಿಗೂ ಕೊಡಲಿಲ್ಲ, ಅವಳಿಗೂ ಕೊಡಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಕೆಲವರು ಬಂದು ಕೇಸರಿಬಾತು ಉಪ್ಪಿಟ್ಟು ತಿಂದು ಹೋದರು. ಒಬ್ಬರಿಗೆ ಜಾತಕ ಕೂಡಲಿಲ್ಲ, ಒಬ್ಬರಿಗೆ ನನ್ನ ಕನ್ನಡಕ ಹಿಡಿಸಲಿಲ್ಲ. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು. ಅವರ ಆರೈಕೆ, ತಮ್ಮನ ಓದು, ತಮ್ಮನ ಮದುವೆ ಎನ್ನುತ್ತ ಒಂದು ದಿನ ನೋಡಿದರೆ ಉಪ್ಪಿಟ್ಟು ತಿನ್ನಲು ಬರುವವರು ನಿಂತುಹೋಗಿದ್ದರು. ನನಗೂ ಆಗ ಒಂಥರಾ ಹಗುರವೇ ಅನ್ನಿಸಿತ್ತು.

ಈ ವರ್ಷ ಗಂಗತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನ ಡಾಕ್ಟರು ಆಪರೇಷನ್ ಮಾಡಲೇಬೇಕೆಂದರಂತೆ, ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಮೊದಲಿನಂತೆ ಬರುತ್ತದೆಂದು ಹೇಳಲಾಗದು ಅಂದರಂತೆ. ಇದನ್ನು ನನಗೆ ಹೇಳಿದವಳು ಗಂಗತ್ತೆಯ ಸೊಸೆ ರತ್ನ. ಈಗ ಆ ಮನೆಯ ಮಗ್ಗಗಳನ್ನು ನಡೆಸುವವಳು ಅವಳೇ. ಊರೂರು ಸುತ್ತಿ ಕಂಡಕಂಡವರ ದನಿ ಹಿಡಿದೆ, ಕಾಗೆಯದನ್ನೂ ಬಿಡಲಿಲ್ಲ. ನಾಲ್ಕು ಹೆಜ್ಜೆ ಆಚೆ ಇದ್ದವಳನ್ನು, ಎಲ್ಲಿ ಹೋಗುತ್ತಾಳೆ, ಇದ್ದಾಳಲ್ಲ ಎಂದು ಮುಂದೂಡುತ್ತಲೇ ಬಂದಿದ್ದೆ. ಈಗ ಆಪರೇಷನ್ನಿಗೆ ಮೊದಲು ಹಿಡಿಯದಿದ್ದರೆ ಆ ಹಾಡುಗಳು ಇನ್ನು ಎಲ್ಲೂ ಇರುವುದಿಲ್ಲ.

ಅದೃಷ್ಟಕ್ಕೆ ಲೈನ್ ಕೆಲಸಕ್ಕೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತೇವೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಆ ದಿನ ಮೈಕು, ಹೆಡ್‌ಫೋನು, ಕಂಬಳಿ ಎಲ್ಲ ಹೊತ್ತು ಹೋದೆ. ಬೀದಿ ಗಪ್‌ಚಿಪ್ಪಾಗಿತ್ತು. ಗಂಗತ್ತೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಕೂತಿದ್ದಳು. ದನಿ ಆಗಲೇ ಒರಟಾಗಿತ್ತು. ನಾನು ಮೈಕು ಸರಿಮಾಡಿ, ಹಸೆಗೆ ಕರೆಯುವ ಹಾಡಿನಿಂದ ಶುರು ಮಾಡು ಗಂಗತ್ತೆ ಎಂದೆ. ಅವಳು ಸುತ್ತ ನೋಡಿದಳು.

"ಹೆಣ್ಣೆಲ್ಲೆ?"

ಯಾವ ಹೆಣ್ಣು ಎಂದು ಕೇಳಿದೆ. ಕರೆಯಬೇಕಾದರೆ ಬರುವವಳು ಒಬ್ಬಳು ಬೇಡವೇ ಎಂದಳು. ಬರೀ ಹಸೆಯ ಮುಂದೆ ಹಸೆ ಹಾಡು ಹಾಡಕೂಡದು, ಮನೆಗೆ ಒಳ್ಳೆಯದಲ್ಲ. ಇದು ರೆಕಾರ್ಡಿಂಗು, ಸುಮ್ಮನೆ ಹಾಡಿದರೆ ಸಾಕು ಎಂದು ನಾನು ಶಾಲೆಯ ದನಿಯಲ್ಲಿ ಎಷ್ಟು ವಿವರಿಸಿದರೂ ಕೇಳಲಿಲ್ಲ. ಯಂತ್ರವನ್ನೇ ಮಣೆಯ ಮೇಲೆ ಇಟ್ಟು ಹಾಡೆಂದರೆ ಅದಕ್ಕೂ ಒಲ್ಲೆನೆಂದು ತಲೆಯಾಡಿಸಿದಳು. ರತ್ನ ಪಕ್ಕದ ಮನೆಗಳಿಗೆ ಹೋಗಿ ಲಗ್ನಕ್ಕೆ ಬಂದ ಹುಡುಗಿಯರನ್ನು ಕೇಳಿಬಂದಳು. ಗಂಡು ಗೊತ್ತಾಗದೆ ಹಸೆಯ ಮೇಲೆ ಕೂರಿಸಿದರೆ ಆಮೇಲೆ ಕಂಕಣಬಲ ಕೂಡಿಬರುವುದಿಲ್ಲ ಎಂದು ಯಾವ ತಾಯಿಯೂ ಒಪ್ಪಲಿಲ್ಲವಂತೆ. ರತ್ನನೇ ಕೂರಬಹುದಿತ್ತು, ಆದರೆ ಒಮ್ಮೆ ಹಸೆ ಏರಿ ಇಳಿದವಳು ಹಾಡಿಗಾಗಿ ಮತ್ತೆ ಏರುವಂತಿಲ್ಲ.

ಆಮೇಲೆ ಗಂಗತ್ತೆ ನನ್ನನ್ನು ನೋಡತೊಡಗಿದಳು.

ನಾನು ನಕ್ಕೆ. ಮಂಡಿ ಮಡಚಲು ಬರುವುದಿಲ್ಲ ಎಂದೆ. ತಲೆ ನೋಡು, ಬಣ್ಣ ಹಾಕಿ ತಿಂಗಳಾಯಿತು ಎಂದೆ. ಬೀದಿಯವರು ನಗುತ್ತಾರೆ ಎಂದೆ. ಗಂಗತ್ತೆ ರತ್ನನಿಂದ ಅಟ್ಟದ ಮೇಲಿನ ಮಣೆ ಇಳಿಸಿ ಒರೆಸಿಸಿ, ತಾನೇ ಬಗ್ಗಿ ರಂಗೋಲಿಯಲ್ಲಿ ಹಸೆ ಬರೆದಳು. ಒಂದು ಗೆರೆಯನ್ನೂ ಅಳಿಸಿ ತಿದ್ದಲಿಲ್ಲ. ಕೊನೆಗೆ ನಾನು ಹೋಗಿ ಕೂತೆ. ರೆಕಾರ್ಡಿಂಗ್ ಸರಿಯಾಗಿ ಆಗುತ್ತಿದೆಯೇ ನೋಡಬೇಕಲ್ಲ, ಅದಕ್ಕೆ ಕಿವಿಯ ಮೇಲೆ ಹೆಡ್‌ಫೋನು ಹಾಕಿಕೊಂಡೇ ಕೂತೆ.

ಗಂಗತ್ತೆ ಹಾಡಿದಳು. ಕರೆಯುವ ಹಾಡಿನಲ್ಲಿ ಹೆಣ್ಣಿನ ಹೆಸರು, ಅವಳಪ್ಪನ ಹೆಸರು ಬರಬೇಕು. ನನ್ನಪ್ಪನ ಹೆಸರನ್ನು ಹಾಡಿನಲ್ಲಿ ಇಟ್ಟು ಯಾರಾದರೂ ನನ್ನನ್ನು ಕರೆಯುವುದನ್ನು ನಾನು ಕೇಳಿರಲಿಲ್ಲ. 'ವನಜಾ' ಎಂಬ ನನ್ನ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಬಿಟ್ಟರೆ ಇನ್ನೆಲ್ಲೂ ಇಷ್ಟು ಉದ್ದವಾಗಿ ಉಚ್ಚಾರವಾದದ್ದೇ ಇಲ್ಲ. ಬಣ್ಣಿಸುವ ಹಾಡಿನಲ್ಲಿ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಹೇಳಬೇಕು, ಇಲ್ಲದ್ದನ್ನು ಹೇಳಬಾರದು. ನನ್ನ ಕೊರಳಿನ ಒಂದೆಳೆ ಸರ, ಕೈಯ ಗಡಿಯಾರ, ಮೂಗಿನ ಮೇಲಿನ ಕನ್ನಡಕ ಎಲ್ಲ ಬಂತು. ಕಿವಿಗೆ ಬಂದಾಗ ಹೆಡ್‌ಫೋನನ್ನು ನೋಡಿ ಕ್ಷಣ ತಡೆದು, ಕಿವಿ ತುಂಬ ಕರಿಯ ಓಲೆ ಇಟ್ಟವಳು ಎಂದು ರಾಗಕ್ಕೆ ಸೇರಿಸಿದಳು. ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೂ ನಗಬೇಕೆಂದು ಬಾಯಿ ತೆರೆದೆ, ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ, ದುಃಖವಾಯಿತು. ಮದುವೆಯಾಗಲಿಲ್ಲ ಎಂದಲ್ಲ. ನನ್ನನ್ನು ಇಷ್ಟು ಹೊತ್ತು, ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ ಎಂದು.

ಆರತಿಯ ಹಾಡೂ ಆಯಿತು. ಗಂಗತ್ತೆ ಬಿಸಿನೀರು ಕುಡಿದು ಎಬ್ಬಿಸುವ ಹಾಡಿಗೆ ದನಿ ತೆಗೆದಳು. ಹೇಳಿದ ಹೊತ್ತಿಗಿಂತ ಮೊದಲೇ ಕರೆಂಟು ಬಂದ ಇತಿಹಾಸ ನಮ್ಮ ಬೀದಿಗಿಲ್ಲ. ಆ ದಿನ ಬಂತು. ಎಡಗಡೆಯ ಮಗ್ಗ, ಬಲಗಡೆಯ ಮಗ್ಗ, ಹಿಂದಿನ ಓಣಿಯವು, ಎಲ್ಲ ಒಟ್ಟಿಗೆ ಶುರುವಾದವು. ನಾನು ಯಾವಾಗಲೂ ಮಾಡುವಂತೆ ನಿಲ್ಲಿಸಲು ಕೈಯೆತ್ತಿದೆ. ಗಂಗತ್ತೆ ನೋಡಲೇ ಇಲ್ಲ. ಜೀವಮಾನವೆಲ್ಲ ಮಗ್ಗದ ಮೇಲೆ ಹಾಡಿದ ಅಭ್ಯಾಸ, ಸದ್ದು ಕೇಳಿದ್ದೇ ದನಿ ಏರಿಸಿದಳು. ಏರಿದ ದನಿ ನಡುವೆ ಸೀಳಿತು. ಇನ್ನೊಮ್ಮೆ ಎತ್ತಿದಳು. ಬರೀ ಗಾಳಿ ಬಂತು.

ರತ್ನ ನೀರು ತಂದಳು, ಬೆನ್ನು ನೀವಿದಳು. ಸಾಕು ಗಂಗತ್ತೆ, ಆದಷ್ಟೇ ಆಯಿತು ಎಂದು ನಾನು ಏಳಹೋದೆ. ಅವಳು ನನ್ನ ಭುಜ ಒತ್ತಿ ಹಿಡಿದಳು. ದನಿ ಇಲ್ಲದಿದ್ದರೂ ಮಾತು ತಿಳಿಯಿತು.

"ಎಬ್ಬಿಸ್ದೆ ಏಳ್ಬೇಡ."

ಮಂಡಿ ಚುಚ್ಚುತ್ತಿತ್ತು. ಎದ್ದುಬಿಡಬಹುದಿತ್ತು, ಹಸೆ ಮುನಿದರೆ ನನ್ನಿಂದ ಕಿತ್ತುಕೊಳ್ಳುವುದಕ್ಕೆ ಏನಿದೆ. ಆದರೆ ಗಂಗತ್ತೆಯ ಮುಖ ನೋಡಿದೆ. ತಾನು ಕೂರಿಸಿದ ಒಂದು ಹೆಣ್ಣನ್ನೂ ಅವಳು ಅರ್ಧಕ್ಕೆ ಬಿಟ್ಟವಳಲ್ಲ. ಇದು ಅವಳ ಕೊನೆಯ ಹಸೆ, ಎಬ್ಬಿಸಲಾಗದ ಹಸೆಯಾಗಿ ಉಳಿಯುತ್ತಿತ್ತು. ಆ ಮುಖವನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ನಾನೇ ಹಾಡಿದೆ.

ಹಾಡು ಪೂರ್ತಿ ನನ್ನೊಳಗೆ ಇತ್ತು, ಕಂಡಿಕೆಗೆ ಸುತ್ತಿದ ನೂಲು ಬಿಚ್ಚಿಕೊಂಡಂತೆ ಬಂತು. ನೆಲ ತಣ್ಣಗಾಯಿತು ಏಳು, ಬಾಗಿಲಲ್ಲಿ ನಿನಗಾಗಿ ಕಾದಿದ್ದಾರೆ ಏಳು ಎಂದು ಹೇಳುವ ಹಾಡು ಅದು. ನನಗಾಗಿ ಬಾಗಿಲಲ್ಲಿ ಯಾರೂ ಕಾದಿರಲಿಲ್ಲ, ಆದರೂ ಹಾಡಿದೆ. ರಾಗದ ವಿಷಯ ಬೇಡ. ಮೇಷ್ಟ್ರು ಹೇಳಿದ್ದು ತಪ್ಪಾಗಿರಲಿಲ್ಲ. ಗಂಗತ್ತೆ ಆರತಿ ತಟ್ಟೆಯ ಅಂಚಿಗೆ ಬೆರಳಿನಿಂದ ತಾಳ ಕೊಡುತ್ತ, ನಾನು ಎಳೆತಪ್ಪಿದಲ್ಲಿ ಜೋರಾಗಿ ಬಡಿಯುತ್ತ, ಕೊನೆಯ ಸಾಲಿಗೆ ಕೈಹಿಡಿದು ನನ್ನನ್ನು ಎಬ್ಬಿಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಬರಲಿಲ್ಲ. ಗಂಗತ್ತೆ ಈಗ ಉಸಿರಿನಲ್ಲಿ ಮಾತಾಡುತ್ತಾಳೆ, ಅದೂ ದಿನಕ್ಕೆ ನಾಲ್ಕು ಮಾತು. ಕೊನೆಯ ಸಂಚಿಕೆ ಸಿದ್ಧ ಮಾಡಿ, ಇದನ್ನು ಹಾಕಿ ನಿಲ್ಲಿಸಿಬಿಡುತ್ತೇನೆ ಎಂದು ಹೇಳಿಬರಲು ಹೋದೆ. ಎಬ್ಬಿಸುವ ಹಾಡನ್ನು ಕತ್ತರಿಸಬೇಕೆಂದು ಎರಡು ಸಲ ಕೂತು, ಎರಡು ಸಲವೂ ಕೈ ಬಾರದೆ ಹಾಗೇ ಬಿಟ್ಟಿದ್ದೆ. ಕರಿಯ ಓಲೆಗಳನ್ನು ಗಂಗತ್ತೆಯ ಕಿವಿಗೆ ಹಾಕಿ ಕೇಳಿಸಿದೆ. ತನ್ನ ದನಿಯನ್ನು ಅವಳು ಬೇರೆ ಯಾರದೋ ಎಂಬಂತೆ ಕಣ್ಣುಮುಚ್ಚಿ ಕೇಳಿದಳು. ಮಗ್ಗಗಳು ಶುರುವಾಗಿ ನನ್ನ ಹಾಡು ಬಂದಾಗ ಗಂಟಲಿನ ಬ್ಯಾಂಡೇಜು ಹಿಡಿದುಕೊಂಡು, ಸದ್ದಿಲ್ಲದೆ, ಮೈಯೆಲ್ಲ ಅಲುಗುವಂತೆ ನಕ್ಕಳು. ಆಮೇಲೆ ರತ್ನನಿಗೆ ಸನ್ನೆ ಮಾಡಿದಳು. ರತ್ನ ತಟ್ಟೆ ತಂದಳು. ಗಂಗತ್ತೆ ಅದರಿಂದ ಎಲೆ ಅಡಿಕೆ ಎತ್ತಿ ನನ್ನ ಕೈಯಲ್ಲಿಟ್ಟು, ಬೆರಳು ಮಡಚಿದಳು.

ಅರ್ಥ ಹೇಳಿದವಳು ರತ್ನ. "ನಮ್ ಅಕ್ಕನ ಮಗಳ ಮದ್ವೆ ಗೊತ್ತಾಗೈತೆ ವನಜಕ್ಕ. ಹಸೆಗೆ ನೀವೇ ಹಾಡ್ಬೇಕಂತೆ."

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ನನಗೆ ಶ್ರುತಿ ಇಲ್ಲ. ನಾನು ಮುತ್ತೈದೆಯಲ್ಲ, ಮದುವೆಯೇ ಆದವಳಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಸಾಕಾಗಿದೆ, ಇದೆಲ್ಲ ನಿಲ್ಲಿಸುತ್ತೇನೆಂದು ಹೇಳಲೇ ಬಂದದ್ದು. ಗಂಗತ್ತೆ ಪೂರ್ತಿ ಕೇಳಿದಳು. ಆಮೇಲೆ ತನ್ನ ಗಂಟಲನ್ನು ಒಮ್ಮೆ ಮುಟ್ಟಿಕೊಂಡಳು, ಕೈ ಚಾಚಿ ನನ್ನ ಗಂಟಲನ್ನು ಒಮ್ಮೆ ಮುಟ್ಟಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಮಡಚಿದ ಬೆರಳನ್ನು ನಾನು ಬಿಚ್ಚಲಿಲ್ಲ.

ಎಲೆ ಅಡಿಕೆಯಿಂದ ದಣಿವು ಹೋಯಿತೆಂದು ತಿಳಿಯಬೇಡಿ. ಮಂಡಿ ಹಾಗೇ ಇದೆ, ಮೊಬೈಲಿಗೆ ಬರುವ ಕೈಮುಗಿದ ಚಿತ್ರಗಳೂ ಹಾಗೇ ಇವೆ. ಒಂದು ಅಭ್ಯಾಸ ಮಾತ್ರ ಬದಲಾಗಿದೆ. ಒಳಕೋಣೆಯಲ್ಲಿ ಹಾಡು ಕಲಿಯುತ್ತಿದ್ದೇನೆ, ಕಂಬಳಿಯಿಲ್ಲದೆ. ಎಡ ಬಲದ ಮಗ್ಗಗಳು ಓಡುತ್ತಿರುವಷ್ಟು ಹೊತ್ತು ಯಾವ ಭಯವೂ ಇಲ್ಲ. ಇದನ್ನು ಬರೆಯುವುದು ನಿಲ್ಲಿಸಿ ಈಗಷ್ಟೇ ಹಾಡಲು ಕೂತಿದ್ದೆ, ಕರೆಯುವ ಹಾಡಿನ ಎರಡನೆಯ ಸಾಲು ಇನ್ನೇನು ಹತ್ತಿತು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ಬೈಯುತ್ತಿದ್ದರು. ನಾನೂ ಹೋಗಿ ಅವರ ಜೊತೆ ನಿಂತು, ಗಂಟಲು ತೆರೆದು ಬೈದು ಬಂದೆ.